ಶೋಲ್ಪಾನ್ ಮಾಡಿದ ಕಂದು ಪುಡಿ

ಅಲ್ಮಾಟಿಯ ಒಂದು ರಸಾಯನ ಸಂಸ್ಥೆಯಲ್ಲಿ ಬಿಬಿಜಾರ್ ಇಪ್ಪತ್ತೆರಡು ವರ್ಷ ಗಾಜಿನ ಪಾತ್ರೆ ತೊಳೆದವಳು. ಗಂಡನಿಲ್ಲದ ಅವಳ ಒಬ್ಬಳೇ ಮಗಳು ಶೋಲ್ಪಾನ್ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ವಿಜ್ಞಾನಿಯಾದಳು. ಅಮ್ಮ ತೊಳೆದಿಟ್ಟ ಪಾತ್ರೆಯಲ್ಲೇ ಪಲ್ಲಾಡಿಯಂ ಲೋಹವನ್ನು ಪಾಲಿಮರಿಗೆ ಕಟ್ಟಿ ಕಂದು ಪುಡಿಯೊಂದನ್ನು ಮಾಡಿದಳು. ಸುಗಂಧಕ್ಕೆ ಬೇಕಾದ ದ್ರವಕ್ಕೆ ಅದನ್ನು ಹಾಕಿ ಹೈಡ್ರೋಜನ್ ಕುಡಿಸಿದರೆ, ಅಣುವಿನ ಮೂರೆಳೆಯ ಬಂಧ ಎರಡೆಳೆಯಾಗಿ ಅಲ್ಲೇ ನಿಲ್ಲಬೇಕು. ಮುಂದೆ ಹೋದರೆ ಮಾಲು ಕೆಟ್ಟಂತೆ.

"ಓಡಿಸೋದು ಯಾರಿಗಾದ್ರೂ ಬರುತ್ತೆ ಅಮ್ಮಾ, ನಿಲ್ಲಿಸೋದೇ ಕಷ್ಟ," ಎನ್ನುತ್ತಿದ್ದಳು.

ಪುಡಿಯನ್ನು ಪರೀಕ್ಷಿಸುವ ಮೊದಲೇ ತಲ್ಗಾರ್ ರಸ್ತೆಯಲ್ಲಿ ಬಸ್ಸು ಮಗುಚಿ ಶೋಲ್ಪಾನ್ ತೀರಿಕೊಂಡಳು. ನಲವತ್ತನೆಯ ದಿನದ ಊಟ ಹಾಕಿಸಿ ಬಿಬಿಜಾರ್ ಮತ್ತೆ ಕೆಲಸಕ್ಕೆ ಬಂದಳು. ಮನೆಯಲ್ಲಿ ಕೂತು ಮಾಡುವುದಾದರೂ ಏನು?

ಸೋವಿಯತ್ ದೇಶ ಒಡೆದು ಮೂರು ವರ್ಷವಾಗಿತ್ತು. ಪಲ್ಲಾಡಿಯಂ ಚಿನ್ನದಂತೆ ಬೆಲೆಬಾಳುವ ಲೋಹ; ಅದು ಇರುವುದನ್ನೆಲ್ಲ ಸುಟ್ಟು ಲೋಹವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಆ ಚಳಿಗಾಲದಲ್ಲಿ ಆದೇಶ ಬಂತು.

"ನನ್ ಮಗಳ ಪುಡಿಯೊಂದನ್ನ ಬಿಟ್ಬಿಡು ಎರ್ದೆಸ್," ಎಂದು ಬಿಬಿಜಾರ್ ಪ್ರಯೋಗಾಲಯದ ಮುಖ್ಯಸ್ಥನನ್ನು ಬೇಡಿದಳು.

"ಬಿಡೋಕೆ ಅದೇನು ನಮ್ಮಪ್ಪನ ಗಂಟಾ ಅಕ್ಕ?"

"ಹಾಗಾದ್ರೆ ಸುಡೋ ಮೊದ್ಲು ಒಂದ್ಸಲ ಆಡಿಸಿ ನೋಡು. ನನ್ ಮಗು ಏನ್ ಮಾಡಿದ್ಲು ಅಂತ ನಂಗೂ ಗೊತ್ತಾಗ್ಲಿ."

ಎರ್ದೆಸ್ ಕೋಟು ಕಳಚಿದ. 'ಬಾತುಕೋಳಿ' ಎಂದು ಅವರೆಲ್ಲ ಕರೆಯುವ ಕೊಕ್ಕಿನ ಗಾಜಿನ ಪಾತ್ರೆಗೆ ಚಿಟಿಕೆ ಪುಡಿ, ದ್ರವ ಹಾಕಿ ಯಂತ್ರಕ್ಕೆ ಸಿಕ್ಕಿಸಿದ. ಪಾತ್ರೆ ಕುಲುಕಾಡಿತು. ಹೈಡ್ರೋಜನ್ ಒಳಗೆ ಹೋದಂತೆ ಪಕ್ಕದ ಅಳತೆ ಕೊಳವೆಯಲ್ಲಿ ನೀರು ಏರತೊಡಗಿತು. ಬಿಬಿಜಾರ್ ಮೂಗು ತಾಗುವಷ್ಟು ಹತ್ತಿರ ನಿಂತಳು. ಏರಿತು, ಏರಿತು, ಮೂರೆಳೆ ಎರಡೆಳೆಯಾಗಲು ಎಷ್ಟು ಬೇಕೋ ಅಷ್ಟಕ್ಕೆ, ಸರಿಯಾಗಿ ಅರ್ಧದ ಗೆರೆಯಲ್ಲಿ ನಿಂತಿತು. ಕಾಲು ಗಂಟೆ ಕಾದರೂ ಕದಲಲಿಲ್ಲ.

"ನಿಂತ್ಬಿಡ್ತಲ್ಲ!" ಎರ್ದೆಸ್ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. "ಹುಡುಗಿ ಗೆದ್ಲು ಅಕ್ಕ. ಇಷ್ಟು ಚೊಕ್ಕವಾಗಿ ನಿಂತಿದ್ದು ನಾನು ಕಂಡೇ ಇಲ್ಲ."

"ಯಾರಿಗ್ ಹೇಳ್ಲಿ ಈಗ?" ಎಂದಳು ಬಿಬಿಜಾರ್.

ಉಳಿದ ಪುಡಿಯನ್ನು ಕುಲುಮೆಗೆ ಅವಳೇ ಸುರಿದಳು; ಬೇರೆಯವರ ಕೈ ತಾಗಕೂಡದೆಂದು. ಮಗಳು ತನ್ನ ಹೆಸರು ಬರೆದು ಚೀಟಿ ಅಂಟಿಸಿದ್ದ ಖಾಲಿ ಸೀಸೆ ಕೈಯಲ್ಲಿ ಉಳಿಯಿತು. ಇಪ್ಪತ್ತೆರಡು ವರ್ಷದ ರೂಢಿ, ಕೈ ತಾನಾಗಿ ನಲ್ಲಿಯತ್ತ ಹೋಯಿತು. ಬಿಸಿನೀರಿಗೆ ಚೀಟಿ ನೆನೆದು, ಮಗಳ ಅಕ್ಷರ ನೀಲಿಯಾಗಿ ಬೆರಳ ಸಂದಿಯಲ್ಲಿ ಹರಿದಾಗಲೇ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿದದ್ದು.

ಎರ್ದೆಸ್ ಓಡಿಬಂದು ನಲ್ಲಿ ನಿಲ್ಲಿಸಿದ. ಅವಳು ಪಾತ್ರೆ ತೊಳೆಯುವ ತೊಟ್ಟಿಗೆ ಬಾಗಿ, "ಶೋಲ್ಪಾನ್, ಶೋಲ್ಪಾನ್," ಎನ್ನುತ್ತ ನೀರು ಹೋದ ತೂತನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.