ಕೆಂಪು ಗುಂಡಿಯ ಪಾಠ

ನಮ್ಮ ಮೇಡಂ ಅವರ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಚಪ್ಪಲಿ ಟಪಟಪ ನೆಲಕ್ಕೆ ಬಡಿಯುತ್ತಿತ್ತು. ಹಾಗಾಗಿ ಕೂರುವುದೇ ಕಡಿಮೆ. ಹೈದರಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ಅವರು ತರಬೇತಿ ವಿಭಾಗದ ಮುಖ್ಯಸ್ಥೆ, ನಾನು ಮೈಸೂರಿನಿಂದ ಆಗಷ್ಟೇ ಬಂದು ಸೇರಿದ ಸಹಾಯಕಿ. ಅವರು ಬೀದರ್ ಕಡೆಯವರು. ತಾರ್ನಾಕದ ಮನೆಯಿಂದ ಬರುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದರು.

ಹೊಸ ಪ್ಯಾಕಿಂಗ್ ಯಂತ್ರ ಬಂದಾಗ ಅದರ ತರಬೇತಿಗೆಂದು ನಾನು ಬಣ್ಣಬಣ್ಣದ ಸ್ಲೈಡುಗಳನ್ನು ಮಾಡಿ ತೋರಿಸಿದೆ. ಅರ್ಧಕ್ಕೇ ತಡೆದರು.

"ಭಾಳ ಚಂದ ಐತಿ. ಇದನ್ನ ಕೇಳಿದ ಮ್ಯಾಲೆ ಕೆಲಸದವರು ಯಂತ್ರದ ಮುಂದ ಏನು ಮಾಡಬೇಕವಾ?"

ನಾನು ಮುಂದಿನ ಸ್ಲೈಡಿಗೆ ಹೋಗಲು ನೋಡಿದೆ.

"ನಡಿ, ನೋಡ್ಕೊಂಡು ಬರೂಣು."

ಇಡೀ ಪಾಳಿ ಯಂತ್ರದ ಪಕ್ಕ ನಿಂತೆವು. ಯಂತ್ರ ತಡವರಿಸಿದರೂ ಯಾರೂ ಅದನ್ನು ನಿಲ್ಲಿಸುವ ಕೆಂಪು ಗುಂಡಿ ಒತ್ತುತ್ತಿರಲಿಲ್ಲ. ಗುಂಡಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಒತ್ತಿದರೆ ಸೂಪರ್‌ವೈಸರ್ ಬಯ್ಯುತ್ತಿದ್ದ. ನನ್ನ ಸ್ಲೈಡುಗಳು ಮೂಲೆ ಸೇರಿದವು. ಮೇಡಂ ಕೆಲಸದವರ ಜೊತೆ ಸೂಪರ್‌ವೈಸರನನ್ನೂ ಕರೆಸಿ, ಖಾಲಿ ಯಂತ್ರ ಓಡಿಸಿ, ಬೇಕೆಂದೇ ಕೆಡಿಸಿ, ಮತ್ತೆ ಮತ್ತೆ ನಿಲ್ಲಿಸುವ ಅಭ್ಯಾಸ ಮಾಡಿಸಿದರು. ಬಯ್ಯದೆ, ಏನಾಯಿತೆಂದು ಕೇಳುವುದು ಅವನ ಪಾಠ.

ಮ್ಯಾನೇಜರು ರಾಯಚೂರಿನವರು. "ಅಭ್ಯಾಸದಾಗ ಎಡವಿದವರ ಹೆಸರು ಕೊಡ್ರಿ ಮೇಡಂ, ಅವರ ಗುತ್ತಿಗೆ ಇಲ್ಲಿಗೇ ಮುಗಸೂಣು" ಎಂದರು.

"ಕೊಡೂದಿಲ್ರಿ. ಕಲಿಯೋ ಜಾಗದಾಗ ತಪ್ಪು ಮಾಡಾಕ ಅಂಜಿದವರು, ಕೆಲಸದಾಗ ತಪ್ಪು ಮುಚ್ಚಿಡ್ತಾರ."

ಹೆಸರು ಕೊಡದ್ದಕ್ಕೆ ತಿಂಗಳೊಳಗೆ ಮೇಡಂ ಅವರನ್ನು ಗೋದಾಮಿಗೆ ಹಾಕಿದರು. ಅಲ್ಲಿ ಉಳಿಯದೆ, ಕೆಲಸ ಬಿಟ್ಟು ಅಮೀರ್‌ಪೇಟ್‌ನ ತರಬೇತಿ ಕೇಂದ್ರವೊಂದನ್ನು ಸೇರಿದರು. "ಇಲ್ಲೂ ಬರೇ ಸ್ಲೈಡು ಓದಾಕತ್ತಾರವಾ" ಎಂದು ಫೋನಿನಲ್ಲಿ ಚಡಪಡಿಸುತ್ತಿದ್ದರು.

ಮಳೆಗಾಲದ ಒಂದು ಮಧ್ಯಾಹ್ನ ಕೆಲಸದ ಹುಡುಗಿಯೊಬ್ಬಳ ತೋಳಿನ ಬಟ್ಟೆ ಯಂತ್ರದ ಬೆಲ್ಟಿಗೆ ಸಿಕ್ಕಿತು. ಪಕ್ಕದಲ್ಲಿದ್ದವಳು ಅಭ್ಯಾಸದಲ್ಲಿ ತುಂಬ ಎಡವಿದ್ದವಳು. ಅವಳೇ ಗುಂಡಿ ಒತ್ತಿದಳು. ಹುಡುಗಿಯ ಕೈ ಉಳಿಯಿತು.

ಆ ಸಂಜೆ ಮೇಡಂಗೆ ಫೋನು ಮಾಡಿ ಹೇಳಿದೆ.

"ಒತ್ತಿದಾಕಿಗೆ ಯಾರರೇ ಬಯ್ದರೇನು?"

"ಇಲ್ಲ ಮೇಡಂ. ಸೂಪರ್‌ವೈಸರ್ ಅವಳನ್ನು ಕೂರಿಸಿ, ನೀರು ತಂದುಕೊಟ್ಟ."

"ಹಂಗಾದ್ರ ಅವನೂ ಕಲ್ತಾನ."

ಹೋದ ವರ್ಷ ಹೃದಯಾಘಾತದಿಂದ ಅವರು ತೀರಿಕೊಂಡರು. ಈಗ ನಾನೇ ಕಾರ್ಖಾನೆಗಳಿಗೆ ತರಬೇತಿ ರೂಪಿಸಿಕೊಡುತ್ತೇನೆ. ಕರೆದವರು ಚಹಾ ತರಿಸಿ, ಏನೇನು ಕಲಿಸುತ್ತೀರಿ ಎನ್ನುತ್ತಾರೆ. ನಿಮ್ಮಲ್ಲಿ ತಪ್ಪು ಮಾಡಿದವರಿಗೆ ಏನಾಗುತ್ತದೆ ಎಂದು ನಾನು ಕೇಳುತ್ತೇನೆ. ಕೆಲವರು ಮತ್ತೆ ಕರೆಯುವುದಿಲ್ಲ.