ನಾನು ಅದಲುಬದಲು ಮಾಡಿದ ಕತ್ತಿಗಳು

ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದ ಎರಡನೆಯ ವರ್ಷ ನನಗೊಂದು ವಿಚಿತ್ರ ಕೆಲಸ ಸಿಕ್ಕಿತು. ಸಂತೆಯ ದಿನ ಗಂಡಸರ ಕತ್ತಿಗಳನ್ನು ಕಾಯುವುದು. ನಮ್ಮ ಕಡೆ ತೋಟಕ್ಕೋ ಕಾಡಿಗೋ ಹೋಗುವವರ ಸೊಂಟದ ಹಿಂದೆ ಒಂದು ಕೊಕ್ಕೆ, ಅದರಲ್ಲೊಂದು ಕತ್ತಿ ಇದ್ದೇ ಇರುತ್ತಿತ್ತು. ಸಂತೆಗೂ ಹಾಗೆಯೇ ಬರುತ್ತಿದ್ದರು.

ಯುದ್ಧ ಮುಗಿದಿದ್ದರೂ ಸೀಮೆಎಣ್ಣೆ ಇನ್ನೂ ಚೀಟಿಯಲ್ಲೇ ಸಿಗುತ್ತಿದ್ದ ಕಾಲ. ದೂರದ ಊರುಗಳಲ್ಲಿ ಹಿಂದೂ ಮುಸಲ್ಮಾನರು ಕಡಿದಾಡಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು. ಅದೇ ಹೊತ್ತಿಗೆ ನಮ್ಮ ಸಂತೆಯಲ್ಲಿ ಒಬ್ಬ ಗೌಡರೂ ಮರ ಸಾಗಿಸುವ ಗಾಡಿ ಹೊಡೆಯುವ ಒಬ್ಬ ಸಾಬರೂ ಜಗಳಕ್ಕೆ ನಿಂತರು. ಸಾಬರ ಎತ್ತು ಗೌಡರ ಸಸಿಮಡಿ ಮೇಯ್ದಿತ್ತು, ಗೌಡರು ಎತ್ತನ್ನು ದೊಡ್ಡಿಗೆ ಹಾಕಿಸಿದ್ದರು. ಇಬ್ಬರ ಕೈಯೂ ಸೊಂಟದ ಹಿಂದಕ್ಕೆ ಹೋದದ್ದನ್ನು ಸಂತೆಗೆ ಸಂತೆಯೇ ನೋಡಿತು. ಹೇಗೋ ಬಿಡಿಸಿದರು.

ಮರುದಿನದಿಂದ ನಮ್ಮ ಮಾವನವರೂ ಎದುರು ಸಾಲಿನ ಮುಸಲ್ಮಾನ ಜವಳಿ ವ್ಯಾಪಾರಿಯೂ ಜೊತೆಯಾಗಿ ಕೇರಿ ಕೇರಿ ತಿರುಗಿದರು. ಸಂತೆಗೆ ಬಂದವರು ಕತ್ತಿಯನ್ನು ನಮ್ಮ ದಿನಸಿ ಅಂಗಡಿಯ ಜಗಲಿಯಲ್ಲಿ ಬಿಟ್ಟು, ಹೋಗುವಾಗ ತೆಗೆದುಕೊಳ್ಳಬೇಕೆಂದು ಎಲ್ಲರನ್ನೂ ಒಪ್ಪಿಸಿದರು. "ಗಂಡಸ್ರು ಕೇಳಿದ್ರೆ ಯಾರೂ ಕೊಡಲ್ಲ. ಹೆಂಗಸ್ರು ಕೈ ಚಾಚಿದ್ರೆ ಇಲ್ಲ ಅನ್ನಕ್ಕೆ ನಾಚ್ಕೆ ಆಗುತ್ತೆ" ಎಂದು ಅತ್ತೆ ನನ್ನನ್ನು ಜಗಲಿಯಲ್ಲಿ ಕೂರಿಸಿದರು.

ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ ನನ್ನದು. ನನಗಂತೂ ಹಬ್ಬವೇ ಆಯಿತು. ಒಂದೊಂದು ಕತ್ತಿಯ ಹಿಡಿಯನ್ನೂ ತಿರುಗಿಸಿ ನೋಡುತ್ತಿದ್ದೆ. ಎಡಗೈಯವರ ಹಿಡಿ ಸವೆಯುವ ರೀತಿಯೇ ಬೇರೆ. ಕತ್ತಿಯ ಬಾಯಿ ಮುಕ್ಕಾಗಿದ್ದರೆ ಅದರ ಒಡೆಯ ಸೋಮಾರಿ. ಚೀಟಿ ಗೀಟಿ ಏನೂ ಇಲ್ಲದೆ ಯಾರದು ಯಾವುದೆಂದು ಹೇಳಬಲ್ಲೆ ಎಂಬ ಜಂಬ ಬೇರೆ.

ಆ ಜಂಬ ಮೂರನೆಯ ಸಂತೆಗೇ ಇಳಿಯಿತು. ಅಂದು ಸಂಜೆ ಗೌಡರೂ ಗಾಡಿ ಸಾಬರೂ ಒಂದೇ ಹೊತ್ತಿಗೆ ಜಗಲಿಗೆ ಬಂದರು. ಒಬ್ಬರು ಮೂಡಲಿಗೆ, ಒಬ್ಬರು ಪಡುವಲಿಗೆ ಮುಖ ಮಾಡಿ ನಿಂತರು. ಬೇಗ ಸಾಗಹಾಕಿದರೆ ಸಾಕೆಂದು ಅವಸರದಲ್ಲಿ ಕತ್ತಿ ಎತ್ತಿ ಕೊಟ್ಟೆ. ಒಬ್ಬರನ್ನೊಬ್ಬರು ನೋಡಬಾರದೆಂಬ ಹಟದಲ್ಲಿ ಅವರು ತಮ್ಮ ಕೈಗೆ ಬಂದದ್ದನ್ನೂ ನೋಡಲಿಲ್ಲ. ಹಾಗೇ ಬೆನ್ನ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಂಡು ಹೊರಟುಹೋದರು.

ಎರಡು ದಿನ ಕಳೆದು ಗೌಡರ ಪಕ್ಕದ ಮನೆಯವನು ಉಪ್ಪಿಗೆ ಬಂದ. "ಎಂತ ಅಮ್ಮಾ, ಸಾಬ್ರ ಕತ್ತಿ ಗೌಡ್ರ ಹತ್ರ ಹೆಂಗೆ ಬಂತು? ನಿನ್ನೆ ಬೆಳಿಗ್ಗೆಯಿಂದ ಕಲ್ಲಿನ ಮೇಲೆ ಮಸೀತಾ ಕೂತಿದಾರೆ. ಮಾತಿಲ್ಲ ಕತೆಯಿಲ್ಲ" ಎಂದ.

ಅದಲುಬದಲು ಮಾಡಿದವಳು ನಾನು. ಇನ್ನು ಯಾರ ರಕ್ತ ಬಿದ್ದರೂ ಅದು ನನ್ನ ಕೈಯಿಂದಲೇ ಬಿದ್ದಂತೆ. ಮಾವನವರಿಗೆ ಹೇಳಿ ಅತ್ತುಬಿಟ್ಟೆ. ಅವರು ಬಯ್ಯಲಿಲ್ಲ. ಸಂತೆಯ ದಿನ ಬೆಳಿಗ್ಗೆಯೇ ಜವಳಿ ವ್ಯಾಪಾರಿಯನ್ನು ಕರೆದುಕೊಂಡು ಬಂದು ನನ್ನ ಪಕ್ಕ ಕೂತರು. ಆ ಹೆದರಿಕೆಯ ನಡುವೆಯೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಕಡಿಯುವುದೇ ಆಗಿದ್ದರೆ ಎರಡು ದಿನ ಯಾಕೆ ಮಸೆಯಬೇಕು?

ಗೌಡರು ಮೊದಲು ಬಂದರು. ಕತ್ತಿಯನ್ನು ನನಗೆ ಕೊಡದೆ ಕೈಯಲ್ಲೇ ಹಿಡಿದು ಕಾದರು. ಗಾಡಿ ಸಾಬರು ಬಂದಾಗ ಮಾವನವರು ಎದ್ದು ನಿಂತರು. ಗೌಡರು ಕತ್ತಿಯ ಬಾಯಿಯನ್ನು ತಮ್ಮ ಕಡೆಗೂ ಹಿಡಿಯನ್ನು ಸಾಬರ ಕಡೆಗೂ ತಿರುಗಿಸಿ ಚಾಚಿದರು.

"ತಗಳಿ. ಮತ್ತೊಬ್ರ ಕತ್ತಿ ಮೊಂಡಾಗಿ ವಾಪಸ್ ಕೊಡೋ ಪದ್ಧತಿ ನಮ್ಮನೇಲಿಲ್ಲ. ಬಾಯೇ ಇರ್ಲಿಲ್ಲ ಮಾರಾಯ ಇದಕ್ಕೆ. ಎರಡು ದಿನ ಹಿಡೀತು."

ಸಾಬರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ತಮ್ಮ ಕೊಕ್ಕೆಯಲ್ಲಿದ್ದ ಗೌಡರ ಕತ್ತಿಯನ್ನು ತೆಗೆದರು. ಆದರೆ ಕೊಡಲಿಲ್ಲ.

"ಇದನ್ನ ಹಿಂಗೆ ಕೊಡಕ್ಕಾಗಲ್ಲ ಗೌಡ್ರೇ. ಗಾಡಿ ಗೂಟ ಕಡ್ದು ಬಾಯಿ ಕೆಡಿಸಿದೀನಿ. ಮುಂದಿನ ಸಂತೆಗೆ ತರ್ತೀನಿ."

ಗೌಡರು ಅವರ ಮುಖವನ್ನೇ ನೋಡಿದರು. ಅಷ್ಟು ದಿನಗಳಲ್ಲಿ ಅದೇ ಮೊದಲು. "ಆಯ್ತು, ತನ್ನಿ" ಎಂದು ಸಂತೆಯೊಳಗೆ ನಡೆದರು.

ಸಾಬರು ಎರಡೂ ಕತ್ತಿಗಳನ್ನು ನನ್ನ ಮುಂದಿಟ್ಟರು. "ಅಮ್ಮಾ, ಸಂಜೆ ಎರಡೂ ನಂಗೇ ಕೊಡ್ಬೇಕು. ಈ ಸಲ ನೋಡಿ ಕೊಡಿ."

ಅಳುವೋ ನಗುವೋ ಗೊತ್ತಾಗದೆ ತಲೆಯಾಡಿಸಿದೆ. ಸಂಜೆ ಎರಡನ್ನೂ ಅವರ ಕೈಗೇ ಕೊಟ್ಟೆ. ಗೌಡರು ಬರಿಯ ಕೊಕ್ಕೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತು ನೋಡುತ್ತಿದ್ದರು.