ಎತ್ತಿಗೆ ಸಿಕ್ಕ ಕೈ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ದೊಡ್ಡಮ್ಮನನ್ನು ಮೂರು ಮೈಲಿ ನಡೆಸಿಕೊಂಡು ತೂಬಗೆರೆ ಹತ್ತಿರದ ಮೂಳೆ ವೈದ್ಯನ ಮನೆಗೆ ಹೋಗಿದ್ದೆ. ರಾಗಿ ನಾಟಿ ಶುರುವಾಗಿದೆ. ಬಗ್ಗಲಾಗದಿದ್ದರೆ ಅವಳಿಗೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಹಿಟ್ಟಿಲ್ಲ.

ಅಂಗಳದಲ್ಲಿ ಪಟೇಲರ ಎತ್ತು ನಿಂತಿತ್ತು. ಹಿಂಗಾಲು ಕುಂಟುತ್ತಿತ್ತು. ವೈದ್ಯ ಗೊರಸಿನಿಂದ ಮೇಲಕ್ಕೆ ಎರಡೂ ಕೈಯಲ್ಲಿ ಒತ್ತುತ್ತಾ ಹೋಗಿ, "ನೋವು ಕಾಲಲ್ಲಿಲ್ಲ ಕಣ್ರೀ, ಸೊಂಟದ ಕೀಲಲ್ಲೈತೆ" ಎಂದು ಪಟೇಲರಿಗೆ ಹೇಳಿದ. ಅರ್ಧ ಗಂಟೆ ಅಲ್ಲೇ ನೀವಿದ.

ನಮ್ಮ ಸರದಿ ಬಂತು. ದೊಡ್ಡಮ್ಮ ಬೇಲಿಯಾಚೆ ನಿಂತೇ, "ಮಂಡಿ ನೋವು ಸ್ವಾಮಿ, ಹೆಜ್ಜೆ ಇಕ್ಕಾಕಾಗಲ್ಲ" ಎಂದಳು. ಆತ ಅವಳ ಬೊಗಸೆಗೆ ಮೇಲಿನಿಂದ ಎಣ್ಣೆ ಸುರಿದು, "ಮಂಡಿಗೆ ಹಚ್ಕೋ, ಹೋಗು" ಎಂದ.

ನಾನು ಬಿಡಲಿಲ್ಲ. "ಇವಳಿಗೂ ನೋವು ಸೊಂಟದಿಂದಲೇ ಇಳಿದಿರಬೋದು. ಎತ್ತನ್ನ ನೋಡ್ದಂಗೆ ಮುಟ್ಟಿ ನೋಡಿ."

"ನಿಮ್ಮೋರನ್ನ ಮುಟ್ಟಿದ್ರೆ ನನ್ನ ಕೈಗುಣ ಹೊರಟೋಗ್ತದೆ ಕಣಯ್ಯ."

"ಎತ್ತನ್ನ ಮುಟ್ಟಿದ್ರೆ ಹೋಗಲ್ವಾ?"

ದೊಡ್ಡಮ್ಮ ನನ್ನ ಅಂಗಿ ಜಗ್ಗಿದಳು. "ಸುಮ್ಕಿರಲಾ. ಇನ್ನೊಂದ್ಸಲ ಎಣ್ಣೆನೂ ಕೊಡಾಕಿಲ್ಲ."

ವಾಪಸು ಬರುವಾಗ ಅರ್ಧ ದಾರಿಯಲ್ಲೇ ಕುಸಿದು ಕೂತಳು. ನಾನೇ ಅವಳ ಸೊಂಟದ ಕೀಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಕಿಟಾರನೆ ಕಿರುಚಿದಳು. ನೋವು ಅಲ್ಲೇ ಇತ್ತು. ಮಂಡಿಗೆ ಹಚ್ಚಿದ ಎಣ್ಣೆ ಸುಮ್ಮನೆ ಹೊಳೆಯುತ್ತಿತ್ತು.

ಮುಟ್ಟುವ ಕೈ ನನ್ನದು, ಆದರೆ ನನಗೆ ವಿದ್ಯೆ ಗೊತ್ತಿಲ್ಲ. ವಿದ್ಯೆ ಬಲ್ಲವನ ಕೈ ಮಡಿಯಾಗಿಯೇ ಇದೆ ಗೆಳೆಯರೇ, ಅದಕ್ಕೆ ಮೆತ್ತಿರುವುದು ಬರೀ ದನದ ಕೂದಲು.